ಸ್ಮಾರಕ ಮೊದಲೋ, ಗುರುವಾರದ ಟೇಬಲ್ ಮೊದಲೋ? ನಮ್ಮ ತಾಲ್ಲೂಕು ಮಾಜಿ ಸೈನಿಕರ ಸಂಘದ ವಿಷಯ, ಎಲ್ರೂ ಅಭಿಪ್ರಾಯ ಹೇಳಿ

ಸಂಘದ ಕಾರ್ಯದರ್ಶಿ

ಎಲ್ರಿಗೂ ಜೈ ಹಿಂದ್. ನಾನು ಹವಾಲ್ದಾರ್ ಆಗಿ ಪೆನ್ಷನ್ ಬಂದವನು, ಈಗ ನಮ್ಮ ತಾಲ್ಲೂಕಿನ ಮಾಜಿ ಸೈನಿಕರ ಸಂಘದ ಕಾರ್ಯದರ್ಶಿ. ಮುಂದಿನ ತಿಂಗಳು ಮಹಾಸಭೆ ಇದೆ. ಸಂಘದ ಅಕೌಂಟಲ್ಲಿ ಸ್ವಲ್ಪ ದುಡ್ಡು ಸೇರಿದೆ, ಅರ್ಧ ಜನ ಸರ್ಕಲ್‌ನಲ್ಲಿ ಹುತಾತ್ಮರ ಸ್ಮಾರಕ ಕಟ್ಸೋಣ ಅಂತಿದಾರೆ, ನನಗೆ ಬೇರೆ ಒಂದು ಕೆಲಸ ಮೊದ್ಲು ಆಗ್ಬೇಕು ಅನ್ಸಿದೆ, ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ ಕ್ಷಮಿಸಿ.

ಹೋದ ತಿಂಗಳು ಒಬ್ರು ಅಜ್ಜಿ ನಮ್ಮ ಆಫೀಸ್ ಹುಡುಕ್ಕೊಂಡು ಬಂದ್ರು. ಆಫೀಸ್ ಅಂದ್ರೆ ಬಾಡಿಗೆ ರೂಮು, ನಾಲ್ಕು ಕುರ್ಚಿ. ಬಟ್ಟೆ ಅಂಗಡಿ ಕವರ್ ಒಳಗೆ ಇನ್ನೊಂದು ಕವರ್, ಅದ್ರೊಳಗೆ ಯಜಮಾನ್ರ ಡಿಸ್ಚಾರ್ಜ್ ಬುಕ್ಕು, ಪಿಪಿಒ (ಪೆನ್ಷನ್ ಮಂಜೂರಾತಿ ಪತ್ರ), ಡೆತ್ ಸರ್ಟಿಫಿಕೇಟು, ಎಲ್ಲ ಮಡಿಕೆ ಮಡಿಕೆಯಾಗಿ ಹರಿದಿತ್ತು. ಯಜಮಾನ್ರು ತೀರ್ಕೊಂಡು ಆರು ತಿಂಗಳಾಗಿದೆ, ಫ್ಯಾಮಿಲಿ ಪೆನ್ಷನ್ ಶುರು ಆಗಿಲ್ಲ. ಪಿಪಿಒ ಬಿಡಿಸಿ ನೋಡಿದ್ರೆ ಹೆಂಡತಿ ಹೆಸರು ಪುಟ್ಟಿ ಅಂತಿದೆ (ನಿಜವಾದ ಹೆಸರು ಬೇಡ, ಅದೇ ಥರದ್ದು ಅಂದ್ಕೊಳ್ಳಿ). ಆಧಾರ್‌ನಲ್ಲಿ ಸ್ಕೂಲಲ್ಲಿದ್ದ ಹೆಸರು. ಹುಟ್ಟಿದ ವರ್ಷಾನೂ ಬೇರೆ. ಏನಮ್ಮ ಇದು ಅಂದ್ರೆ, "ಅವ್ರು ನನ್ನ ಹಂಗೇ ಕರೀತಿದ್ದುದಪ್ಪ" ಅಂದ್ರು.

ನಂಗೆ ಅಲ್ಲೇ ಅರ್ಥ ಆಯ್ತು. ಮದ್ವೆಗೆ ಅಂತ ರಜೆ ಹಾಕಿ ಬಂದಿರ್ತೀವಿ, ರಜೆ ಮುಗಿದು ಯೂನಿಟ್‌ಗೆ ವಾಪಸ್ ಹೋದ್ರೆ ಕ್ಲರ್ಕು ಪಾರ್ಟ್ ಟೂ ಆರ್ಡರ್‌ಗೆ (ಮದ್ವೆ, ಮಕ್ಕಳ ವಿವರ ದಾಖಲು ಮಾಡೋ ಆದೇಶ) ಹೆಂಡತಿ ಹೆಸ್ರು, ಹುಟ್ಟಿದ ತಾರೀಖು ಕೇಳ್ತಾನೆ. ಇಪ್ಪತ್ತೆರಡು ವರ್ಷದ ಹುಡುಗ, ನಾಲಿಗೆ ಮೇಲಿರೋ ಹೆಸ್ರು ಹೇಳ್ತಾನೆ, ತಾರೀಖು ಗೊತ್ತಿರಲ್ಲ, ಒಂದು ಅಂದಾಜಿಗೆ ಹೇಳ್ತಾನೆ. ಅದು ರೆಕಾರ್ಡ್ ಆಫೀಸ್‌ಗೆ ಹೋಗಿ ಅಲ್ಲೇ ನಿಲ್ಲುತ್ತೆ, ನಲವತ್ತು ವರ್ಷ ಯಾರೂ ತೆಗೆದು ನೋಡಲ್ಲ, ಆತ ಕಣ್ಮುಚ್ಚಿದ ದಿನಾನೇ ಅದು ಎದ್ದು ಬರೋದು. ಆತ ಬದುಕಿದ್ದಾಗ ಆಗಿದ್ರೆ ಒಂದು ಅಫಿಡವಿಟ್ಟು, ಆಧಾರ್ ಕಾಪಿ, ಮದ್ವೆ ದಾಖಲೆ, ಆತನ ಒಂದು ಸಹಿ. ಈಗ ಆ ಸಹಿ ಹಾಕೋರು ಇಲ್ಲ.

ಅದಕ್ಕೆ ನನ್ನ ಪ್ರಸ್ತಾಪ ಇಷ್ಟು: ಪ್ರತಿ ಗುರುವಾರ ಬೆಳಗ್ಗೆ ಒಂದು ಟೇಬಲ್ ಹಾಕ್ಕೊಂಡು ಕೂರೋದು. ಒಬ್ಬೊಬ್ಬ ಸದಸ್ಯನಿಗೂ ಒಂದು ಹಾಳೆ. ಹೆಂಡತಿ ಹೆಸ್ರು ಪಿಪಿಒದಲ್ಲಿ ಹೇಗಿದೆ ಆಧಾರ್‌ನಲ್ಲಿ ಹೇಗಿದೆ, ಮಕ್ಕಳೆಲ್ಲರ ಹೆಸರು ಬಂದಿದ್ಯಾ, ಬ್ಯಾಂಕ್ ಅಕೌಂಟ್ ಜಾಯಿಂಟ್ ಇದ್ಯಾ, ಸ್ಪರ್ಶ್‌ನಲ್ಲಿ (ಪೆನ್ಷನ್‌ನ ಆನ್‌ಲೈನ್ ವ್ಯವಸ್ಥೆ) ಯಾವ ಮೊಬೈಲ್ ನಂಬರ್ ಇದೆ, ಆ ಸಿಮ್ ಈಗ ಯಾರ ಹತ್ರ ಇದೆ. ತಪ್ಪಿದ್ರೆ ಸದಸ್ಯ ಜೀವಂತ ಇರುವಾಗ್ಲೇ ಜಿಲ್ಲಾ ಸೈನಿಕ ಕಲ್ಯಾಣ ಇಲಾಖೆ ಮೂಲಕ ರೆಕಾರ್ಡ್ ಆಫೀಸ್‌ಗೆ ಕಳ್ಸಿ ಸರಿ ಮಾಡಿಸೋದು. ಇದಕ್ಕೆ ಬೇಕಾಗಿರೋದು ಒಂದು ಕಂಪ್ಯೂಟರ್, ಪ್ರಿಂಟರ್, ಓಡಾಟದ ಖರ್ಚು. ಸ್ಮಾರಕ ಬೇಡ ಅಂತಿಲ್ಲ, ಎರಡು ವರ್ಷ ತಡೀರಿ ಅಂತಿದೀನಿ. ಏನಂತೀರಿ?

ಮದ್ರಾಸ್ ಸ್ಯಾಪರ್

ಸೆಕ್ರೆಟರಿ ಸಾಬ್, ನಾನು ಸ್ಮಾರಕದ ಪರ ಇರೋನು, ನೇರವಾಗೇ ಹೇಳ್ತೀನಿ. ನನ್ನ ಜೊತೆ ಒಂದೇ ದಿನ ಭರ್ತಿ ಆದ ಪಕ್ಕದೂರಿನ ಹುಡುಗ 1999ರಲ್ಲಿ ಪೆಟ್ಟಿಗೇಲಿ ಬಂದ. ಅವನ ತಾಯಿ ಪ್ರತಿ ವರ್ಷ ಜುಲೈ 26ಕ್ಕೆ, ಕಾರ್ಗಿಲ್ ವಿಜಯ ದಿವಸಕ್ಕೆ, ಬೆಳಗ್ಗೆ ಮೊದಲನೇ ಬಸ್ಸಿಗೆ ಬರ್ತಾರೆ. ನಾವು ಫ್ಲೆಕ್ಸ್ ಕಟ್ಟಿರ್ತೀವಿ. ಆಯಮ್ಮ ಹತ್ರ ಬಂದು ಫ್ಲೆಕ್ಸ್ ಮೇಲಿರೋ ಅವನ ಮುಖಾನ ಸೆರಗಲ್ಲಿ ಒರೆಸ್ತಾರೆ, ಧೂಳಿರ್ಲಿ ಇಲ್ದಿರ್ಲಿ. ಸಾಯಂಕಾಲ ನಾವೇ ಹಗ್ಗ ಬಿಚ್ಚಿ ಸುತ್ತಿ ರೂಮಿನ ಮೂಲೇಲಿ ಇಡ್ತೀವಿ. ಇನ್ನೂ ಎಷ್ಟು ವರ್ಷ ಹಿಂಗೆ ಬಿಚ್ಚಿ ಸುತ್ತೋದು ಸಾಬ್? ಆಯಮ್ಮನಿಗೆ ಎಂಬತ್ತರ ಹತ್ರ. ಅವ್ರು ಕೈ ಇಟ್ಟು ಮುಟ್ಟೋಕೆ ಒಂದು ಕಲ್ಲು ಬೇಕು, ಅದ್ರ ಮೇಲೆ ಹೆಸರು ಕೆತ್ತಿರ್ಬೇಕು. ನೀವು ಹೇಳೋ ಎರಡು ವರ್ಷ ಆಯಮ್ಮನ ಹತ್ರ ಇದ್ಯೋ ಇಲ್ವೋ.

ಸೈನಿಕನ ಮಗಳು

ಸ್ಯಾಪರ್ ಅಂಕಲ್, ನೀವು ಬರೆದಿದ್ದು ಓದಿ ಕಣ್ಣು ತುಂಬಿ ಬಂತು. ಆದ್ರೂ ನಾನು ಕಾರ್ಯದರ್ಶಿಯವರ ಕಡೆ. ನಮ್ಮಪ್ಪ ಇದ್ದಿದ್ದು ಸಪ್ಲೈ ಕೋರ್‌ನಲ್ಲಿ, ಹಾರ್ಟ್ ಅಟ್ಯಾಕ್ ಆಗಿ ಹೋದ್ರು. ಮನೇಲಿ ಎಲ್ಲಾ ವ್ಯವಹಾರ ಅವ್ರದ್ದೇ. ಅಮ್ಮನಿಗೆ ಎಟಿಎಂ ಕಾರ್ಡ್ ಪಿನ್ ಕೂಡ ಗೊತ್ತಿರ್ಲಿಲ್ಲ. ಅಕೌಂಟ್ ಅಪ್ಪನ ಒಬ್ರ ಹೆಸರಲ್ಲಿತ್ತು, ಸ್ಪರ್ಶ್‌ಗೆ ಲಿಂಕ್ ಆಗಿದ್ದ ನಂಬರ್ ರೀಚಾರ್ಜ್ ಮಾಡ್ದೆ ಬಂದ್ ಆಗಿತ್ತು, ಓಟಿಪಿ ಬರೋ ದಾರಿನೇ ಇಲ್ಲ. ಅಪ್ಪ ಹೋದ್ಮೇಲೂ ಎರಡು ತಿಂಗಳು ಪೆನ್ಷನ್ ಬಂದಿತ್ತು, ನಾವು ತಿಳೀದೆ ಕಾರ್ಯಕ್ಕೆ ಖರ್ಚು ಮಾಡಿಬಿಟ್ಟಿದ್ವಿ, ಆಮೇಲೆ ಅಮ್ಮನ ಪೆನ್ಷನ್‌ನಿಂದ ಅದನ್ನ ಹಿಡ್ಕೊಂಡ್ರು. ತೀರ್ಕೊಂಡ ತಕ್ಷಣ ತಿಳಿಸ್ಬೇಕು ಅಂತ ನಮಗೆ ಹೇಳೋರೇ ಇರ್ಲಿಲ್ಲ. ಒಟ್ಟು ಹನ್ನೊಂದು ತಿಂಗಳು ಹಿಡೀತು ಅಂಕಲ್, ಅಷ್ಟು ದಿನ ನನ್ನ ಸಂಬಳದಲ್ಲಿ ಮನೆ ನಡೀತು, ನನಗೆ ಕೆಲಸ ಇತ್ತು ಸರಿ, ಇಲ್ದೇ ಇರೋರ ಗತಿ ಏನು?

ಇನ್ನೊಂದು ವಿಷ್ಯ. ಆರ್ಮಿ ಗ್ರೂಪ್ ಇನ್ಶೂರೆನ್ಸ್‌ನ ಎಕ್ಸ್‌ಟೆಂಡೆಡ್ ಪಾಲಿಸಿ ಅಂತ ಇರುತ್ತೆ, ನಿವೃತ್ತಿ ಆಗುವಾಗ ದುಡ್ಡು ಕಟ್ಟಿರ್ತಾರೆ. ಅಪ್ಪನ ಟ್ರಂಕ್ ತಳದಲ್ಲಿ ಅದರ ಸರ್ಟಿಫಿಕೇಟ್ ಸಿಕ್ಕಿದ್ದು ವರ್ಷದ ತಿಥಿ ದಿನ. ನಿಮ್ಮ ಹಾಳೆಗೆ ದಯವಿಟ್ಟು ಇದನ್ನೂ ಸೇರಿಸಿ.

ಧಾರವಾಡದಾಂವ

ನಮಸ್ಕಾರ್ರೀ ಎಲ್ಲಾರಿಗೂ. ನಮ್ಮ ಕಡೆ ಸಂಘದಾಗ ಈ ಟೇಬಲ್ ಕೆಲಸ ಮಾಡಾಕತ್ತು ಮೂರು ವರ್ಷ ಆತು, ಅದಕ್ಕ ಅನುಭವದ ಮಾತು ಹೇಳ್ತೀನಿ. ಜೀವನ ಪ್ರಮಾಣದ (ಜೀವಂತ ಅದೀವಿ ಅಂತ ಪೆನ್ಷನ್ನಿಗೆ ವರ್ಷಕ್ಕೊಮ್ಮೆ ಕೊಡೋ ಸರ್ಟಿಫಿಕೇಟ್) ಸಲುವಾಗಿ ಬರೋ ಮಂದಿನ ಜಾಸ್ತಿ. ಹೊಲದಾಗ ದುಡಿದ ಕೈ ನೋಡ್ರಿ, ಬೆರಳಿನ ಗೆರಿನ ಉಳಿದಿರೂದಿಲ್ಲ, ಮಷಿನ್ ಮ್ಯಾಲೆ ಹತ್ತು ಸಲ ಒತ್ತಿದ್ರೂ ತಗೊಳ್ಳೂದಿಲ್ಲ. ಮದಲ ನಾವು ಕೊಬ್ಬರಿ ಎಣ್ಣಿ ಹಚ್ಚಿ ಒರಸಿ ನೋಡ್ತಿದ್ವಿ. ಈಗ ಮೊಬೈಲ್ನಾಗ ಮಾರಿ ತೋರಿಸಿ ಮಾಡೂದು ಬಂದೈತಿ, ಆಧಾರ್ ಫೇಸ್ ಆರ್‌ಡಿ ಅಂತ ಒಂದು ಆ್ಯಪ್, ಜೀವನ ಪ್ರಮಾಣದ್ದ ಇನ್ನೊಂದು ಆ್ಯಪ್, ಎರಡೂ ಹಾಕ್ಕೊಂಡು ಬೆಳಕಿನ ಕಡೆ ಮಾರಿ ಮಾಡಿ ಕುಂದರಸಿ ಕಣ್ಣ ಪಿಳಿ ಪಿಳಿ ಮಾಡಸ್ರಿ, ಆತು. ಹಾಸಿಗಿ ಹಿಡದಾರ ಮನಿಗೆ ಒಬ್ಬ ಹುಡುಗನ್ನ ಕಳಸ್ತೀವಿ. ನವೆಂಬರ್ ತಿಂಗಳದಾಗ ವಾರಕ್ಕೊಂದ ದಿನ ಸಾಲೂದಿಲ್ರೀ, ದಿನಾ ಕುಂದರಬೇಕಾಕೈತಿ. ಅದನ್ನ ಈಗ ಲೆಕ್ಕಾ ಹಾಕಿ ಇಟ್ಕೊರಿ.

ನಿವೃತ್ತ ನರ್ಸಿಂಗ್ ಅಸಿಸ್ಟೆಂಟ್

ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಬಗ್ಗೆ ನಾನು ಬರೀತೀನಿ, ಯಾಕಂದ್ರೆ ಇದ್ರಲ್ಲಿ ಎಡವಟ್ಟಾದ್ರೆ ಜೀವಕ್ಕೇ ಬರುತ್ತೆ. 2003ರ ಏಪ್ರಿಲ್ 1ಕ್ಕೆ ಶುರುವಾದ ಸ್ಕೀಮು, ಇವತ್ತಿಗೂ ನಮ್ಮವರಲ್ಲಿ ಎಷ್ಟೋ ಜನಕ್ಕೆ ಇದು ಕೆಲಸ ಮಾಡೋ ರೀತಿ ಗೊತ್ತಿಲ್ಲ. ಮಾಮೂಲಿ ಕಾಯಿಲೆ ಆದ್ರೆ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗೆ ಹೋಗಿ ರೆಫರಲ್ ತಗೊಂಡು ಸ್ಕೀಮಿನ ಪಟ್ಟೀಲಿರೋ ಆಸ್ಪತ್ರೆಗೆ ಹೋಗ್ಬೇಕು. ಎಮರ್ಜೆನ್ಸಿ ಆದ್ರೆ ರೆಫರಲ್‌ಗೆ ಕಾಯ್ಬಾರ್ದು, ನೇರ ಪಟ್ಟೀಲಿರೋ ಆಸ್ಪತ್ರೆಗೆ ಹೋಗಿ ಕಾರ್ಡ್ ತೋರಿಸಿ. ಹತ್ರ ಅಂಥ ಆಸ್ಪತ್ರೆ ಇಲ್ದೆ ಬೇರೆ ಕಡೆ ಸೇರಿಸಿದ್ರೆ 48 ಗಂಟೆ ಒಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿಬಿಡಿ, ಬಿಲ್ಲು, ಡಿಸ್ಚಾರ್ಜ್ ಸಮ್ಮರಿ ಎಲ್ಲ ಒರಿಜಿನಲ್ ಇಟ್ಕೊಳ್ಳಿ, ಆಮೇಲೆ ಕ್ಲೇಮ್ ಹಾಕ್ಬಹುದು. ನನಗೆ ಗೊತ್ತಿರೋ ಒಬ್ರು ಸುಬೇದಾರ್ ಸಾಬ್‌ಗೆ ಸ್ಟ್ರೋಕ್ ಆಯ್ತು, ಮಗ ರೆಫರಲ್ ಇಲ್ದೆ ಸೇರಿಸಲ್ಲ ಅಂದ್ಕೊಂಡು ಪಾಲಿಕ್ಲಿನಿಕ್ ಬಾಗಿಲು ತೆಗೆಯೋವರ್ಗೂ ರಾತ್ರಿ ಪೂರ್ತಿ ಮನೇಲೇ ಇಟ್ಕೊಂಡಿದ್ದ. ಆ ರಾತ್ರಿ ಕಳೆದಿದ್ದಕ್ಕೆ ಅವರ ಬಲಗೈ ವಾಪಸ್ ಬರ್ಲಿಲ್ಲ. ಆ ಹುಡುಗನ ತಪ್ಪಲ್ಲ, ಯಾರೂ ಹೇಳಿಕೊಟ್ಟಿಲ್ಲ. ನಿಮ್ಮ ಟೇಬಲ್ ಮೇಲೆ ಇದನ್ನ ದಪ್ಪ ಅಕ್ಷರದಲ್ಲಿ ಬರೆಸಿ ಅಂಟಿಸಿ, ಒಂದು ಕಾಪಿ ಪ್ರತಿ ಮನೆ ಫ್ರಿಜ್ ಮೇಲೆ ಅಂಟಿಸೋಕೂ ಕೊಡಿ.

ಹಳೇ ಸಿಗ್ನಲ್‌ಮನ್

ಪೆನ್ಷನ್ನೇ ಇಲ್ದಿರೋರ ಬಗ್ಗೆ ಯಾರೂ ಮಾತಾಡ್ತಿಲ್ಲ. ಜವಾನರಿಗೆ ಪೆನ್ಷನ್ ಸಿಗ್ಬೇಕಂದ್ರೆ 15 ವರ್ಷ ಸರ್ವಿಸ್ ಆಗಿರ್ಬೇಕಲ್ವಾ, ಅದಕ್ಕೆ ಮುಂಚೆ ಮನೆ ಕಷ್ಟಕ್ಕೆ ಬಿಟ್ಟು ಬಂದೋರು ಹಳ್ಳೀಲಿ ಸುಮಾರು ಜನ ಇದಾರೆ. ನಮ್ಮೂರಲ್ಲಿ ಒಬ್ರಿದಾರೆ, 1971ರಲ್ಲಿ ಪೂರ್ವದ ಕಡೆ ಇದ್ದವರು, ಏಳು ವರ್ಷಕ್ಕೆ ಬಿಟ್ಟು ಬಂದ್ರು. ಡಿಸ್ಚಾರ್ಜ್ ಬುಕ್ಕು ಗೆದ್ದಲು ತಿಂದು ಹೋಗಿದೆ. ಈಗ ಮರೆವು ಜಾಸ್ತಿ, ಮೊಮ್ಮಗನ ಹೆಸರು ಕೇಳಿದ್ರೆ ತಡವರಿಸ್ತಾರೆ. ಆರ್ಮಿ ನಂಬರ್ ಏನು ಉಸ್ತಾದ್ ಅಂತ ಕೇಳಿದೆ, ಕೂತಿದ್ದ ಜಗಲಿ ಮೇಲೇ ಬೆನ್ನು ನೆಟ್ಟಗೆ ಮಾಡ್ಕೊಂಡು ಒಂದೇ ಉಸಿರಿಗೆ ಹೇಳಿದ್ರು, ಒಂದಂಕಿ ತಪ್ಪಿಲ್ಲ. ಆ ನಂಬರ್ ಇಟ್ಕೊಂಡು ರೆಕಾರ್ಡ್ ಆಫೀಸ್‌ನಿಂದ ದಾಖಲೆ ತರಿಸಿದ್ವಿ, ಪೆನ್ಯೂರಿ ಗ್ರಾಂಟ್‌ಗೆ (ಕಷ್ಟದಲ್ಲಿರೋರಿಗೆ ಕೊಡೋ ಸಹಾಯಧನ) ಅರ್ಜಿ ಹಾಕಿಸಿದ್ವಿ. ರಕ್ಷಾ ಮಂತ್ರಿಗಳ ನಿಧಿಯಿಂದ ಬರೋದು, 65 ದಾಟಿದ ಪೆನ್ಷನ್ ಇಲ್ಲದ ಹವಾಲ್ದಾರ್‌ವರೆಗಿನವರಿಗೆ, ಅವರ ವಿಧವೆಯರಿಗೂ ಇದೆ. ತಿಂಗಳಿಗೆ 4000 ಇದ್ದಿದ್ದು 2025ರ ನವೆಂಬರ್ 1ರಿಂದ 8000 ಆಗಿದೆ. ಇಂಥವರು ಸಂಘಕ್ಕೆ ಬರಲ್ಲ ಸ್ವಾಮಿ, ಪೆನ್ಷನ್ ಇಲ್ಲದವರು ನಾವು ಮಾಜಿ ಸೈನಿಕರೇ ಅಲ್ಲ ಅಂದ್ಕೊಂಡು ದೂರ ಇರ್ತಾರೆ. ಟೇಬಲ್ ಹಾಕ್ಕೊಂಡು ಕೂತ್ರೆ ಸಾಲದು, ಹಳ್ಳಿ ಹಳ್ಳಿಗೆ ಹೋಗಿ ಹುಡುಕ್ಬೇಕು.

ಹೈಸ್ಕೂಲ್ ಮೇಷ್ಟ್ರು

ನಾನು ಸೈನ್ಯದವನಲ್ಲ, ಆದ್ರೂ ಮಾತಾಡಬಹುದಾ? ನಮ್ಮೂರ ಸಂಘದವರು ಬೆಳಗ್ಗೆ ಐದೂವರೆಗೆ ಮೈದಾನದಲ್ಲಿ ಹುಡುಗರನ್ನ ಓಡಿಸ್ತಾರೆ, ಭರ್ತಿಗೆ ತಯಾರಿ. ಅಪ್ಪ ಇಲ್ಲದ ಒಂದಿಬ್ರು ಹುಡುಗ್ರು ಇವರ ಕೈಯಲ್ಲಿ ದಾರಿಗೆ ಬಂದಿದ್ದನ್ನ ನಾನೇ ನೋಡಿದೀನಿ. ಊರು ಇವರಿಂದ ಇಷ್ಟೆಲ್ಲ ಪಡ್ಕೊಳ್ಳುತ್ತೆ, ಆಗಸ್ಟ್ 15ಕ್ಕೆ ಕರೆದು ಶಾಲು ಹೊದಿಸಿ ಕಳಿಸೋದು ಬಿಟ್ರೆ ನಾವೇನೂ ಮಾಡಿಲ್ಲ ಅನ್ನೋ ಸಂಕಟ ನನಗಿದೆ. ಅರ್ಜಿ ಬರೆಯೋದು, ಟೈಪ್ ಮಾಡೋದು, ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡೋದು ನನಗೆ ಬರುತ್ತೆ. ಶಾಲೆ ಇರೋ ದಿನ ಆಗಲ್ಲ, ಭಾನುವಾರ ಅಂದ್ರೆ ಬರ್ತೀನಿ. ಪ್ರಧಾನಮಂತ್ರಿ ಸ್ಕಾಲರ್‌ಶಿಪ್‌ನಲ್ಲಿ ಮಾಜಿ ಸೈನಿಕರ ಹೆಣ್ಮಕ್ಕಳಿಗೆ ತಿಂಗಳಿಗೆ 3000, ಗಂಡುಮಕ್ಕಳಿಗೆ 2500 ಇದೆ, ಪಿಯುಸಿ ಮುಗಿಸಿ ವೃತ್ತಿಪರ ಕೋರ್ಸ್ ಸೇರೋ ಮಕ್ಕಳು ಮೊದಲನೇ ವರ್ಷವೇ ಹಾಕ್ಬೇಕು. ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳಿಗೆ ಅದು ಗೊತ್ತಾಗಿದ್ದು ಎರಡನೇ ವರ್ಷದಲ್ಲಿ. ಇದನ್ನ ಕಾಲೇಜುಗಳಿಗೆ ಹೋಗಿ ಹೇಳೋ ಕೆಲಸ ನನಗೆ ಬಿಡಿ.

ಅಗ್ನಿವೀರನ ಅಣ್ಣ

ನಂದೊಂದು ಪ್ರಶ್ನೆ. ನನ್ನ ತಮ್ಮ ಅಗ್ನಿಪಥದ ಮೊದಲನೇ ಬ್ಯಾಚು. 2026ರ ಕೊನೆಗೆ ನಾಲ್ಕು ವರ್ಷ ಮುಗಿಯುತ್ತೆ. ನೂರಕ್ಕೆ 25ರವರೆಗೆ ಮಾತ್ರ ಉಳಿಸ್ಕೊಳ್ಳೋದು, ಉಳಿದವರಿಗೆ ಸೇವಾ ನಿಧಿ ಬಡ್ಡಿ ಸೇರಿ ಸುಮಾರು 11.71 ಲಕ್ಷ ಕೊಟ್ಟು ಕಳಿಸ್ತಾರೆ, ಪೆನ್ಷನ್ ಇಲ್ಲ, ಇಸಿಎಚ್‌ಎಸ್ ಇಲ್ಲ, ಮಾಜಿ ಸೈನಿಕ ಅನ್ನೋ ಸ್ಥಾನಾನೂ ಇಲ್ಲ. ವಾಪಸ್ ಬಂದ್ರೆ ನಿಮ್ಮ ಸಂಘ ಅವನನ್ನ ಸೇರಿಸ್ಕೊಳ್ಳುತ್ತಾ? ಅವನು ಕೇಳೋಕೆ ಹಿಂಜರೀತಾನೆ, ಅದಕ್ಕೆ ನಾನು ಕೇಳ್ತಿದೀನಿ.

ಹಳೇ ಸಿಗ್ನಲ್‌ಮನ್

ತಮ್ಮಾ, ಅವನು ಹಾಕಿದ್ದು ಅದೇ ಬೂಟು, ಕಾದಿದ್ದು ಅದೇ ಗಡಿ. ನನ್ನ ವೋಟು ಸೇರಿಸ್ಕೊಳ್ಳೋಕೆ.

ಮದ್ರಾಸ್ ಸ್ಯಾಪರ್

ಮನಸ್ಸು ಹೌದು ಅನ್ನುತ್ತೆ, ಆದ್ರೆ ಸಂಘದ ಬೈಲಾದಲ್ಲಿ ಮಾಜಿ ಸೈನಿಕ ಅಂದ್ರೆ ಸರ್ಕಾರದ ವ್ಯಾಖ್ಯೆ ಇದೆ. ಅದನ್ನ ತಿದ್ದಿದ್ರೆ ಮುಂದೆ ಕ್ಯಾಂಟೀನ್ ಕಾರ್ಡು, ಮೀಸಲಾತಿ ಅಂತ ಎಲ್ಲದಕ್ಕೂ ಗೊಂದಲ ಆಗುತ್ತೇನೋ ಅನ್ನೋ ಭಯ.

ಸಂಘದ ಕಾರ್ಯದರ್ಶಿ

ಸ್ಯಾಪರ್ ಸಾಬ್, ಸಂಘ ನಡೀತಿರೋದು 1960ರ ಸಂಘಗಳ ನೋಂದಣಿ ಕಾಯ್ದೆ ಕೆಳಗೆ. ಯಾರು ಸದಸ್ಯರು ಅಂತ ನಾವು ತೀರ್ಮಾನ ಮಾಡಿ ಬೈಲಾ ತಿದ್ದಿ ರಿಜಿಸ್ಟ್ರಾರ್‌ಗೆ ಕೊಡ್ಬಹುದು. ಕಾರ್ಡು, ಮೀಸಲಾತಿ ಕೊಡೋದು ಸರ್ಕಾರ, ನಮ್ಮ ಸದಸ್ಯತ್ವದಿಂದ ಅದು ಬರೋದೂ ಇಲ್ಲ ಹೋಗೋದೂ ಇಲ್ಲ. ಆ ಹುಡುಗನಿಗೆ ಬೇಕಾಗಿರೋದು ಬ್ಯಾಂಕ್ ಸೆಕ್ಯುರಿಟಿ ಕೆಲಸದ ದಾರಿ, ಓದು ಮುಂದುವರ್ಸೋಕೆ ಒಂದು ಸಲಹೆ, ಕೂತು ಮಾತಾಡೋಕೆ ನಾಲ್ಕು ಜನ. ಅದನ್ನ ನಾವು ಕೊಡ್ಬಹುದು. ಅಜೆಂಡಾಗೆ ಹಾಕಿದೀನಿ.

ನಾಯಕ್ ಮನೆಯವಳು

ಎರಡು ದಿನದಿಂದ ಓದ್ತಾ ಇದ್ದೆ, ಬರೀಬೇಕೋ ಬೇಡ್ವೋ ಅಂತ ಯೋಚ್ನೆ ಮಾಡ್ತಿದ್ದೆ. ನಮ್ಮ ಯಜಮಾನ್ರು ಸರ್ವಿಸ್‌ನಲ್ಲಿರುವಾಗ್ಲೇ ಹೋದ್ರು, ಆಗ ನಂಗೆ 27, ಮಗಳಿಗೆ ಎರಡು ವರ್ಷ. ಇಲ್ಲಿ ಎಲ್ಲ ಅಣ್ಣಂದಿರೂ ನಮ್ಮ ಬಗ್ಗೇನೇ ಕಾಳಜಿಯಿಂದ ಬರ್ದಿದೀರಿ, ಅದಕ್ಕೆ ಋಣಿ. ಆದ್ರೆ ಒಂದು ಮಾತು ಕೇಳ್ತೀನಿ ಬೇಜಾರು ಮಾಡ್ಕೋಬೇಡಿ. ಮಹಾಸಭೆಗೆ ನಮ್ಮನ್ನ ಯಾಕೆ ಕರೆಯಲ್ಲ? ಕಾರ್ಯಕ್ರಮಕ್ಕೆ ಕರೀತೀರಿ, ವೀರನಾರಿ ಅಂತ ವೇದಿಕೆ ಮೇಲೆ ಕೂರಿಸ್ತೀರಿ, ಸೀರೆ ಹಣ್ಣು ಕೊಡ್ತೀರಿ, ಫೋಟೋ ಆಗುತ್ತೆ. ಜನವರಿ 14ಕ್ಕೆ, ಕಾರ್ಯಪ್ಪನವರು 1953ರಲ್ಲಿ ನಿವೃತ್ತಿ ಆದ ದಿನ ಅಂತ ಭಾಷಣ ಆಗುತ್ತೆ, ಅವರು ನಿವೃತ್ತಿ ಆದ್ಮೇಲೂ ಮಾಜಿ ಸೈನಿಕರಿಗೋಸ್ಕರ 1964ರಲ್ಲಿ ಲೀಗ್ ಕಟ್ಟಿದ್ರು ಅಂತ ಹೇಳ್ತೀರಿ, ಕೇಳಿ ಹೆಮ್ಮೆ ಆಗುತ್ತೆ. ಆದ್ರೆ ಸಂಘದ ದುಡ್ಡು ಏನ್ಮಾಡ್ಬೇಕು ಅಂತ ಕೈ ಎತ್ತೋ ಹೊತ್ತಿಗೆ ನಾವು ಅಲ್ಲಿರಲ್ಲ. ಗಂಡ ಇದ್ದಾಗ ಅವರು ಸದಸ್ಯರು, ಅವರು ಹೋದ ದಿನ ಆ ಮನೆ ಹೆಸರೇ ಪಟ್ಟಿಯಿಂದ ಹೋಗುತ್ತೆ.

ನಾನು ಈ ಹದಿನಾಲ್ಕು ವರ್ಷದಲ್ಲಿ ಅಫಿಡವಿಟ್ ಬರೆಸೋದು, ಪಾರ್ಟ್ ಟೂ ಆರ್ಡರ್, ತಿದ್ದುಪಡಿ ಪಿಪಿಒ, ಸ್ಪೆಷಲ್ ಫ್ಯಾಮಿಲಿ ಪೆನ್ಷನ್‌ಗೂ ಮಾಮೂಲಿ ಫ್ಯಾಮಿಲಿ ಪೆನ್ಷನ್‌ಗೂ ಏನು ವ್ಯತ್ಯಾಸ, ಎಲ್ಲಾ ಕಲ್ತಿದೀನಿ. ಮಾಮೂಲಿದು ಕೊನೇ ಸಂಬಳದ ನೂರಕ್ಕೆ 30, ಸೇವೆಯ ಕಾರಣಕ್ಕೆ ಸಾವು ಅಂತ ಆದ್ರೆ ನೂರಕ್ಕೆ 60, ಈ ಒಂದು ವ್ಯತ್ಯಾಸಕ್ಕೆ ನಾನು ನಾಲ್ಕು ವರ್ಷ ಓಡಾಡಿದೀನಿ. ಮಗಳನ್ನ ಸೊಂಟದ ಮೇಲೆ ಎತ್ಕೊಂಡು ಶುರು ಮಾಡಿದ್ದು, ಮುಗಿಯೋ ಹೊತ್ತಿಗೆ ಅವಳು ಒಂದನೇ ಕ್ಲಾಸು. ಈಗ ಹೊಸದಾಗಿ ಗಂಡ ಹೋದ ಹೆಣ್ಮಗಳು ಒಬ್ಬ ಗಂಡಸಿನ ಟೇಬಲ್ ಮುಂದೆ ಕೂತು ತನ್ನ ಮದ್ವೆ ತಾರೀಖು, ಗರ್ಭ ಹೋಗಿದ್ದು, ಅತ್ತೆ ಮನೆಯವರು ಪೆನ್ಷನ್‌ಗೆ ಜಗಳ ತೆಗ್ದಿದ್ದು ಎಲ್ಲಾ ಹೇಳ್ಕೋತಾಳಾ? ನನ್ನ ಹತ್ರ ಹೇಳ್ಕೋತಾಳೆ. ಗುರುವಾರ ನಾನು ಕೂರ್ತೀನಿ ಟೇಬಲ್‌ಗೆ. ಆದ್ರೆ ಸದಸ್ಯೆಯಾಗಿ ಕೂರ್ತೀನಿ.

ಸೈನಿಕನ ಮಗಳು

ಅಕ್ಕಾ, ನೀವು ಕೂರ್ತೀರಿ ಅಂದ್ರೆ ಅಮ್ಮನ್ನೂ ಕರ್ಕೊಂಡು ಬರ್ತೀನಿ.

ಧಾರವಾಡದಾಂವ

ಅಕ್ಕಾರು ಖರೇ ಮಾತು ಹೇಳ್ಯಾರ. ನಮ್ಮ ಸಂಘದಾಗೂ ಅವರ ಹೆಸರು ತಗದಬಿಡ್ತೀವಿ, ಇಷ್ಟ ವರ್ಷ ಒಬ್ಬರಿಗೂ ಇದು ತಲಿಗೆ ಹೊಳದಿಲ್ಲ. ನಮ್ಮ ಅಧ್ಯಕ್ಷರಿಗೆ ಇದನ್ನ ಓದಿ ಹೇಳ್ತೀನ್ರಿ.

ಮದ್ರಾಸ್ ಸ್ಯಾಪರ್

ತಂಗೀ, ನಿನ್ನ ಮಾತಿಗೆ ನನ್ನ ಹತ್ರ ಉತ್ತರ ಇಲ್ಲಮ್ಮ. ನಾನು ಸ್ಮಾರಕದ ಆಸೆ ಬಿಟ್ಟಿಲ್ಲ, ಆದ್ರೆ ನಿನ್ನೆ ರಾತ್ರಿ ಒಂದು ಕೆಲಸ ಮಾಡ್ದೆ, ಕಲ್ಲಿನ ಮೇಲೆ ಬರೆಸಬೇಕಾದ ಹೆಸರುಗಳನ್ನ ಒಂದು ಹಾಳೆ ಮೇಲೆ ಬರೆಯೋಕೆ ಕೂತೆ. ಒಂಬತ್ತು ಹೆಸ್ರು ಬಂತು. ಅದ್ರಲ್ಲಿ ಇಬ್ಬರ ಊರು ನೆನಪಾಗ್ಲಿಲ್ಲ, ಒಬ್ಬನ ರೆಜಿಮೆಂಟ್ ಗೊತ್ತಿಲ್ಲ, 1965ರಲ್ಲಿ ಹೋದವನ ಮನೆಯವರು ಈಗ ಎಲ್ಲಿದಾರೋ ತಿಳೀದು. ನಮ್ಮ ತಾಲ್ಲೂಕಿಂದ ಎಷ್ಟು ಜನ ಹೋದ್ರು ಅನ್ನೋ ಪೂರ್ತಿ ಪಟ್ಟಿ ನಮ್ಮ ಹತ್ರಾನೇ ಇಲ್ಲ. ಅರ್ಧ ಪಟ್ಟಿ ಕೆತ್ತಿಸಿ ಒಂದು ಹೆಸ್ರು ಬಿಟ್ಟುಹೋದ್ರೆ ಆ ತಾಯಿಗೆ ಏನು ಹೇಳೋದು. ಹಳ್ಳಿ ಹಳ್ಳಿಗೆ ಹೋಗಿ ಹುಡುಕ್ಬೇಕು ಅಂದ್ರಲ್ಲ ಸಿಗ್ನಲ್‌ಮನ್ ಸಾಬ್, ನಾನೂ ಜೊತೆಗೆ ಬರ್ತೀನಿ. ನೀವು ಬದುಕಿರೋರನ್ನ ಹುಡುಕಿ, ನಾನು ಹೋದವರ ಹೆಸರು ಬರ್ಕೊಂಡು ಬರ್ತೀನಿ.

ಸಂಘದ ಕಾರ್ಯದರ್ಶಿ

ಮಹಾಸಭೆ ಮುಗೀತು, ಏನಾಯ್ತು ಅಂತ ತಿಳಿಸ್ತೀನಿ. ಮೂರು ಗಂಟೆ ನಡೀತು, ಗಲಾಟೆನೂ ಆಯ್ತು. ಗುರುವಾರದ ಟೇಬಲ್‌ಗೆ ಒಪ್ಪಿಗೆ ಸಿಕ್ತು, ಮೇಷ್ಟ್ರಿಗೋಸ್ಕರ ತಿಂಗಳಿಗೊಂದು ಭಾನುವಾರಾನೂ ಸೇರಿಸಿದೀವಿ. ತೀರ್ಕೊಂಡ ಸದಸ್ಯರ ಹೆಂಡತಿಗೆ ವೋಟಿನ ಹಕ್ಕಿರೋ ಪೂರ್ಣ ಸದಸ್ಯತ್ವ ಕೊಡೋಕೆ ಬೈಲಾ ತಿದ್ದುಪಡಿ ಪಾಸಾಯ್ತು, ವಿರೋಧ ಮಾಡಿದವರು ನಾಲ್ಕೇ ಜನ. ಅಗ್ನಿವೀರರ ವಿಷಯ ಮುಂದಿನ ಸಭೆಗೆ ಹೋಯ್ತು, ನನಗೆ ಬೇಸರ ಇದೆ, ಬಿಡಲ್ಲ. ಹುಡುಗನ್ನ ಬಂದ ತಕ್ಷಣ ನನ್ನ ಹತ್ರ ಕಳಿಸಪ್ಪಾ, ಸದಸ್ಯತ್ವ ಆಮೇಲೆ ನೋಡೋಣ. ಸ್ಮಾರಕದ ದುಡ್ಡು ಬೇರೆ ಅಕೌಂಟಲ್ಲಿ ಇಟ್ಟಿದೀವಿ, ಹೆಸರಿನ ಪಟ್ಟಿ ಪೂರ್ತಿ ಆದ ದಿನ ಕಲ್ಲಿಗೆ ಆರ್ಡರ್ ಕೊಡೋದು ಅಂತ ತೀರ್ಮಾನ. ಅಲ್ಲೀವರೆಗೂ ಆ ತಾಯಿಗೋಸ್ಕರ ಹುಡುಗನ ಫೋಟೋ ಹೆಸರು ಒಂದು ಹಿತ್ತಾಳೆ ತಗಡಿನ ಮೇಲೆ ಮಾಡಿಸಿ ಆಫೀಸ್ ಗೋಡೆಗೆ ಬಡೀತಿದೀವಿ, ಸ್ಯಾಪರ್ ಸಾಬ್ ತಮ್ಮ ಕೈಯಿಂದ ಖರ್ಚು ಹಾಕಿದಾರೆ.

ನಿನ್ನೆ ಮೊದಲನೇ ಗುರುವಾರ. ಹನ್ನೊಂದು ಜನ ಬಂದಿದ್ರು. ಏಳು ಜನರ ಕಾಗದದಲ್ಲಿ ಹೆಂಡತಿ ಹೆಸರೋ ಹುಟ್ಟಿದ ತಾರೀಖೋ ಒಂದಲ್ಲ ಒಂದು ತಪ್ಪು. ಒಬ್ಬ ಸದಸ್ಯ ತನ್ನ ಹೆಂಡತಿ ಪೂರ್ತಿ ಹೆಸರು ಮೊದಲನೇ ಸಲ ಆಧಾರ್ ನೋಡಿ ಓದಿದ, ಪಕ್ಕದಲ್ಲೇ ಕೂತಿದ್ದ ಆಯಮ್ಮ ಹೌದು ಅಂತ ತಲೆ ಆಡಿಸಿದ್ರು. ನಾನು ಮೊದಲು ಹೇಳಿದ ಅಜ್ಜಿನೂ ಬಂದಿದ್ರು. ಅವರ ಜೊತೆ ನಮ್ಮ ಹೊಸ ಸದಸ್ಯೆ ಕೂತ್ರು, ಒಂದೂವರೆ ಗಂಟೆ. ಎರಡೂ ಹೆಸರು ಒಬ್ಬರದ್ದೇ ಅನ್ನೋ ಅಫಿಡವಿಟ್ ರೆಡಿ ಆಯ್ತು, ಪಂಚಾಯ್ತಿ ಪತ್ರ ಇದೆ, ಬೇಕಾಗಿದ್ದ ಇನ್ನೊಂದು ಅಂದ್ರೆ ಗಂಡ ಹೆಂಡತಿ ಜೊತೆಗಿರೋ ಹಳೇ ಫೋಟೋ. ಅಜ್ಜಿ ಮನೇಲಿ ಗೋಡೆ ಮೇಲಿದೆ, ಗಾಜು ಒಡೆದಿದೆ, ಪರವಾಗಿಲ್ವಾ ಅಂದ್ರು. ಪರವಾಗಿಲ್ಲಮ್ಮ, ಹಂಗೇ ತನ್ನಿ, ಇಲ್ಲೇ ಜೋಪಾನವಾಗಿ ಬಿಡಿಸಿ ಸ್ಕ್ಯಾನ್ ಮಾಡ್ಕೊಂಡು ಹೊಸ ಗಾಜು ಹಾಕಿಸಿ ಕೊಡ್ತೀವಿ ಅಂತ ಹೇಳಿ ಬಸ್ ಹತ್ತಿಸಿ ಬಂದೆ. ಮುಂದಿನ ಗುರುವಾರ ತರ್ತಾರೆ.